ದರ್ಜಿ ಅಂಗಡಿಯ ಮೇಲಿನ ಕಾಲೇಜು

ಅಪ್ಪಾ,

ದರ್ಜಿ ಅಂಗಡಿಯ ಮೇಲಿನ ನನ್ನ ಎರಡು ಕೋಣೆಯ, ಹದಿನಾಲ್ಕು ಮಕ್ಕಳ ಟ್ಯುಟೋರಿಯಲ್ ಕಾಲೇಜಿಗೆ 'ದಂಡಪಿಂಡಗಳ ಗೋದಾಮು' ಎಂದು ಹೆಸರಿಟ್ಟವರು ನೀವು. ನೀವು ತೀರಿಹೋಗಿ ಎರಡು ತಿಂಗಳಾಯಿತು. ಇವತ್ತು ನಿಮ್ಮ ಕುರ್ಚಿಯಲ್ಲಿ ಈಗ ಕೂರುವ ಹೆಡ್‌ಮಿಸ್ಟ್ರೆಸ್ಸೇ ತಮ್ಮ ಮಗಳ ಕೈ ಹಿಡಿದು ನನ್ನ ಮೆಟ್ಟಿಲು ಹತ್ತಿ ಬಂದರು. ನಿಮ್ಮ ದೊಡ್ಡ ಶಾಲೆಯಲ್ಲಿ ಆ ಹುಡುಗಿ ಆರು ತಿಂಗಳಿಂದ ಮಾತೇ ಆಡಿಲ್ಲವಂತೆ.

ಬೇಕೆಂದೇ ಒಂದು ಗಂಟೆ ಕಾಯಿಸಿದೆ. ಆಮೇಲೆ ಕೇಳಿದೆ: "ಗೋದಾಮಿಗೆ ಯಾಕೆ ಬಂದ್ರಿ ಮೇಡಂ?"

ಅವರು ತಲೆ ತಗ್ಗಿಸಿದರು. ನನ್ನ ಹೊಟ್ಟೆ ತಣ್ಣಗಾಯಿತು.

"ಆಸ್ಪತ್ರೇಲಿ ನಿಮ್ಮಪ್ಪನೇ ಹೇಳಿದ್ರು," ಎಂದರು. "ಮಗು ಮತ್ತೆ ಮಾತಾಡ್ಬೇಕಂದ್ರೆ ನನ್ನ ಮಗಳ ಹತ್ರ ಬಿಡಮ್ಮ ಅಂತ."

ಹುಡುಗಿಯನ್ನು ಸೇರಿಸಿಕೊಂಡೆ. ಆದರೆ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಹನ್ನೊಂದು ದಿನ ನಿಮ್ಮ ಹಾಸಿಗೆಯ ಪಕ್ಕದಲ್ಲೇ ಕೂತಿದ್ದೆನಲ್ಲ, ಆ ಒಂದು ಮಾತನ್ನು ನನಗೇ ಹೇಳಲು ನಿಮಗೇನು ಬಾಯಿ ಬಿದ್ದುಹೋಗಿತ್ತೇ?