ಮೂರು ಬೆಳೆ ಆದ್ಮೇಲೆ ಸ್ಕ್ಯಾನ್

11 ಮಾರ್ಚ್ 2024, ಸೋಮವಾರ. ಮಾಗಡಿ

ಓಪಿಯಲ್ಲಿ ಇವತ್ತು ನಲವತ್ತೊಂದು ಪೇಷಂಟು. ಹನ್ನೊಂದರಿಂದ ಕರೆಂಟ್ ಇಲ್ಲ. ಫ್ಯಾನಿಲ್ಲದೆ ತಲೆನೋವು.

ದೊಡ್ಡಲಕ್ಷ್ಮಮ್ಮ, ಐವತ್ನಾಲ್ಕು. ರೇಷ್ಮೆ ಹುಳ ಸಾಕೋ ಮನೆ. ಹೊಟ್ಟೆ ಉಬ್ಬರ ಅಂತ ಹೋದ ವಾರ ಬಂದಿದ್ರು, ರಾಮನಗರಕ್ಕೆ ಸ್ಕ್ಯಾನಿಗೆ ಕಳ್ಸಿದ್ದೆ. ರಿಪೋರ್ಟ್ ತಂದ್ರು — ಪಿತ್ತಕೋಶದಲ್ಲಿ ಪಾಲಿಪ್, ಐದು ಎಂಎಂ. ಸಣ್ಣ ಗಂಟು, ಈಗೇನೂ ಮಾಡೋದು ಬೇಡ, ಬೆಳೀತಿದ್ಯಾ ಅಂತ ಆರು ತಿಂಗಳಿಗೆ ಇನ್ನೊಂದ್ಸಲ ನೋಡ್ಬೇಕು ಅಂದೆ. ತಾರೀಕು ಹೇಳಿದ್ರೆ ಮರೀತಾರೆ. ಎರಡು ತಿಂಗಳಿಗೊಂದು ಅಂತ ವರ್ಷಕ್ಕೆ ಆರು ಬೆಳೆ ರೇಷ್ಮೆಗೂಡು ತೆಗಿಯೋರು. "ಮೂರು ಬೆಳೆ ಆದ್ಮೇಲೆ ಬನ್ನಿ" ಅಂದೆ. ನಗ್ತಾ ತಲೆಯಾಡಿಸಿದ್ರು. ನಾನೂ ಹುಳ ಸಾಕಿದ ಮನೆಯವಳೇ ಅಲ್ವಾ... ಹೆಮ್ಮೆ ಆಯ್ತು.

23 ಸೆಪ್ಟೆಂಬರ್ 2024

ಜ್ವರದ ಸೀಸನ್. ಓಪಿ ಎಪ್ಪತ್ತು ದಾಟ್ತು. ದೊಡ್ಡಲಕ್ಷ್ಮಮ್ಮ ಇನ್ನೂ ಬಂದಿಲ್ಲ, ಫಾಲೋಅಪ್ ಪುಸ್ತಕ ತೆಗೆದು ಫೋನ್ ಮಾಡ್ಬೇಕು ಅನ್ಕೊಂಡೆ. ಊಟ ಮಾಡಿ ಮಲಗಿದೆ.

19 ಮೇ 2025, ಮಧ್ಯಾಹ್ನ 1.40

ದೊಡ್ಡಲಕ್ಷ್ಮಮ್ಮ ಬಂದ್ರು. ಹದಿನಾಲ್ಕು ತಿಂಗಳು! ಎಲ್ಲಿ ಹೋಗಿದ್ರಿ ಅಂತ ರೇಗಿದೆ.

"ನೀವು ಹೇಳ್ದಂಗೇ ಬಂದಿವ್ನಿ ಕಣವ್ವ. ಮೂರ್ನೇ ಬೆಳೆ ಮೊನ್ನೆ ಮಾರುದ್ವು."

ಎರಡು ಸಲ ರೋಗ ಬಂದು ಹುಳನೆಲ್ಲ ಹೂತುಹಾಕಿದ್ರಂತೆ. ಒಂದ್ಸಲ ಹುಳದ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲೋ ಊಜಿ ನೊಣ. ಆಮೇಲೆ ಹಳೇ ಹಿಪ್ಪುನೇರಳೆ ಕಿತ್ತು ಹೊಸ ಕಡ್ಡಿ ನೆಟ್ಟು ಕಾದ್ರಂತೆ. ಗೂಡು ಕೈಗೆ ಬರದೆ ಹೋಗಿದ್ದು ಅವರ ಲೆಕ್ಕಕ್ಕೆ ಬೆಳೆ ಅಲ್ಲ. ನಮ್ಮಜ್ಜಿನೂ ಹಾಗೇ ಎಣಿಸ್ತಿದ್ರು. ಗೊತ್ತಿತ್ತು ನಂಗೆ.

20 ಮೇ

ಮತ್ತೆ ಸ್ಕ್ಯಾನ್ ಮಾಡಿಸಿದ್ವಿ, ಪಾಲಿಪ್ ಹದಿಮೂರು ಎಂಎಂ. ಬುಡ ಅಗಲ. ಹತ್ತು ದಾಟಿದ್ರೆ ಸಾಕು, ಪಿತ್ತಕೋಶ ತೆಗೀಬೇಕು. ಸರ್ಜನ್ ನರೇಂದ್ರಗೆ ಲೆಟರ್ ಬರೆದೆ. "ಪೇಷಂಟ್ ಫಾಲೋಅಪ್‌ಗೆ ತಡವಾಗಿ ಬಂದರು" ಅಂತ ಸೇರಿಸಿದೆ. ಸುಳ್ಳೇನಲ್ಲ.

17 ಜೂನ್

ದೊಡ್ಡಲಕ್ಷ್ಮಮ್ಮಂಗೆ ಆಪರೇಷನ್ ಆಯ್ತಂತೆ. ಬಯಾಪ್ಸಿಗೆ ಹೋಗಿದೆ. ಏನೂ ಅನ್ನಿಸ್ತಿಲ್ಲ. ಬಿಪಿ ನೋಡೋದು, ಬರೆಯೋದು, ನೆಕ್ಸ್ಟ್.

28 ಜೂನ್, ಸಂಜೆ

ನರೇಂದ್ರ ಫೋನ್ ಮಾಡಿದ್ರು. ಕ್ಯಾನ್ಸರ್. ಪಿತ್ತಕೋಶದ ಗೋಡೆ ದಾಟಿದೆ, ಲಿವರಿಗೂ ತಗುಲಿದೆ. ಇನ್ನೊಂದು ದೊಡ್ಡ ಆಪರೇಷನ್ ಬೇಕು, ಆದ್ರೂ ಭರವಸೆ ಕೊಡಕ್ಕಾಗಲ್ಲ ಅಂದ್ರು. ಸರಿ ಅಂದೆ. ಇನ್ನೂ ಒಂಬತ್ತು ಜನ ಕಾಯ್ತಿದ್ರು. ನೋಡಿ ಕಳ್ಸಿದೆ.

30 ಜೂನ್

ದೊಡ್ಡಲಕ್ಷ್ಮಮ್ಮನ ಸೊಸೆ ಲತಾಮಣಿ ರಿಪೋರ್ಟ್ ತಂದ್ಲು. ಅತ್ತೆನ ಹೊರಗೆ ಬೆಂಚ್ ಮೇಲೆ ಕೂರಿಸಿ ಒಬ್ಳೇ ಒಳಗೆ ಬಂದ್ಲು. ಅಲ್ಲಿಂದಾನೇ ಅವರ ಮಾತು ಕೇಳಿಸ್ತಿತ್ತು — ಈ ಡಾಕ್ಟ್ರಮ್ಮ ನೋಡ್ದೆ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಅಂತ ಪಕ್ಕದವರಿಗೆ ಹೇಳ್ತಿದ್ರು.

ರಿಪೋರ್ಟಲ್ಲಿ ಇದ್ದಿದ್ದನ್ನೆಲ್ಲ ಲತಾಮಣಿಗೆ ಹೇಳಿದೆ. ಅಳ್ಲಿಲ್ಲ. ರಿಪೋರ್ಟ್ ಮಡಿಸಿ ಕವರಿಗೆ ಹಾಕ್ತಾ ಕೇಳಿದ್ಲು, "ನಾವು ತಡ ಮಾಡಿದ್ದಕ್ಕೇ ಹಿಂಗಾಯ್ತಾ ಮೇಡಂ?"

ತಪ್ಪು ನಂದು ಅಂತ ಹೇಳ್ಬೇಕಿತ್ತು. ಬಾಯಿವರೆಗೂ ಬಂತು.

"ಒಸಿ ಬೇಗ ಬರ್ಬೇಕಿತ್ತಮ್ಮ" ಅಂದೆ.

"ಸಾರಿ ಮೇಡಂ" ಅಂದ್ಲು.

ನಾನು ಪರವಾಗಿಲ್ಲ ಅಂದೆ.