ಕೂಗಲು ಒಂದು ಜಾಗ

ಏಪ್ರಿಲ್ ೧೨, ಶನಿವಾರ

ಇವತ್ತೂ ವಿಲ್ಮೆರ್‌ನ ಫೋನು ಬರಲಿಲ್ಲ. ಗ್ವಾಟೆಮಾಲಾ ಬಿಟ್ಟು, ಮೆಕ್ಸಿಕೋ ದಾಟಿ ಉತ್ತರಕ್ಕೆ ಹೋಗುತ್ತೇನೆಂದು ಹೊರಟ ತಮ್ಮ ಬದುಕಿದ್ದಾನೋ ಇಲ್ಲವೋ, ದೇವರಿಗೇ ಗೊತ್ತು. ಹೀಗಿರುವಾಗ ನಾನು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿ ಕುಣಿದು ಬಂದೆ.

ಬರುವುದಿಲ್ಲ ಎಂದೇ ಹೇಳಿದ್ದೆ. "ಮನೇಲಿ ಕೂತು ಫೋನ್ ನೋಡ್ತಿದ್ರೆ ಅವನು ಬಂದ್ಬಿಡ್ತಾನೇನೆ? ಏಳೇ ಮೇಲೆ!" ಎಂದು ಗೆಳತಿಯರಾದ ಯಾದಿರಾ, ನೊಹೆಮಿ ಎಳೆದುಕೊಂಡು ಹೋದರು.

ರೋಲರ್ ಕೋಸ್ಟರ್ ತುದಿಗೇರಿ ಕೆಳಕ್ಕೆ ಧುಮುಕಿದಾಗ ಎಲ್ಲರೂ ಕಿರುಚಿದರು. ನಾನು ತಮ್ಮನ ಹೆಸರು ಹಿಡಿದು ಕಿರುಚಿದೆ. ಯಾರೂ ತಿರುಗಿ ನೋಡಲಿಲ್ಲ. ಎದೆ ಹಗುರಾಯಿತು. ಇಳಿದವಳೇ "ಇನ್ನೊಂದ್ಸಲ ಹೋಗೋಣ ಕಣ್ರೇ" ಎಂದೆ.

"ಬರಲ್ಲ ಅಂದವಳು ಇವಳೇನಾ!" ಎಂದು ನೊಹೆಮಿ ನಕ್ಕಳು. ನಾನೂ ನಕ್ಕೆ. ಎಷ್ಟು ಸಲ ಹತ್ತಿದೆನೋ ನೆನಪಿಲ್ಲ.

ಮನೆಗೆ ಬಂದರೆ ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾಚಿಕೆಯಾಯಿತು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೀನ್ಸ್ ಕಾಳು ಬಿಸಿಮಾಡಿ, ಟೋರ್ಟಿಯಾ ರೊಟ್ಟಿಯ ಜೊತೆ ಬಡಿಸಿದಳು. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಕೇಳಿದಳು:

"ಅಲ್ಲಿ ಎಷ್ಟು ಜೋರಾಗಿ ಕೂಗಿದ್ರೂ ಯಾರೂ ಏನೂ ಅನ್ನಲ್ವಾ? ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗೇ."