ಜಾಗರಣೆಯ ಬಿಲ್

ಮಾರ್ಚ್ ೧೪, ಇಲೋಯಿಲೊ, ಫಿಲಿಪ್ಪೀನ್ಸ್

ಕಂಪ್ಯೂಟರ್ ಬಿಟ್ಟಿರುವಾಗ ಗಂಟೆ ಲೆಕ್ಕದ ಕೆಲಸದ ಹೊತ್ತು ಅಳೆಯಲು ಫೋನಿನಲ್ಲಿ ನೇಮಿಸಿಕೊಂಡ ಟೈಮರ್ ಮಹಾಶಯರು ನನ್ನ ಮಾನ ಕಳೆದಿದ್ದಾರೆ. ನಿನ್ನೆ ಅಜ್ಜನ ಶವದ ಪಕ್ಕ ಜಾಗರಣೆಗೆ ಕೂತಾಗ ಗಿರಾಕಿಯ ಕರೆ ಬಂತು, ಟೈಮರ್ ಒತ್ತಿದೆ. ಆಮೇಲೆ ನಿಲ್ಲಿಸಲು ಮರೆತು, ಜಾಗರಣೆಯ ಇಲ್ಲಿನ ಪದ್ಧತಿಯಂತೆ ಎಲ್ಲರ ಜೊತೆ ಇಸ್ಪೀಟಿಗೆ ಕೂತೆ. ಇಡೀ ರಾತ್ರಿ 'ಲೋಗೋ ತಿದ್ದುಪಡಿ' ಎಂದು ದಾಖಲಾಗಿ ಗಿರಾಕಿಗೂ ಕಾಣಿಸಿತು.

ಬೆಳಿಗ್ಗೆ ಅದು ಇನ್ನೂ ಓಡುತ್ತಿದ್ದುದನ್ನು ಕಂಡ ನೆನಿತಾ ಚಿಕ್ಕಮ್ಮ, "ಏನೋ ಕಳ್ಳಾ, ಅಜ್ಜನಿಗೂ ಬಿಲ್ ಹಾಕ್ತೀಯೇನೋ?" ಅಂದಳು. ಎಲ್ಲರೂ ನಕ್ಕರು. ನನಗೆ ಇಸ್ಪೀಟಿನಲ್ಲಿ ಮೋಸ ಕಲಿಸಿದ ಗುರು ಅಜ್ಜ ಮಾತ್ರ ಶವಪೆಟ್ಟಿಗೆಯಲ್ಲಿ ಸುಮ್ಮನಿದ್ದ.

ಗಿರಾಕಿ ಈಗ ಇಷ್ಟು ಹೊತ್ತು ಏನು ಮಾಡಿದೆ ಎಂದು ವಿವರ ಕೇಳಿದ್ದಾಳೆ. ಆ ದಾಖಲೆ ಅಳಿಸಿದರೆ ಕೆಲಸ ಉಳಿಯುತ್ತದೆ. ಆದರೆ ಅಜ್ಜನ ಜೊತೆ ಕಳೆದ ಹೊತ್ತನ್ನು ನಾನು ಅಳೆದದ್ದು ಇದೊಂದೇ ಸಲ. ಹೆಸರಷ್ಟೇ ಬದಲಿಸಿ, 'ಅಜ್ಜನೊಡನೆ ಇಸ್ಪೀಟು, ಉಚಿತ' ಎಂದು ಕಳಿಸಿಬಿಟ್ಟೆ. ಕಣ್ಣು ಎಳೆಯುತ್ತಿದೆ. ನಾಳೆ ಕೆಲಸ ಇದ್ದರೆ…